ತಾಯಿಯ ಚಿಂತೆ, ಮಗುವಿನ ಎಲುಬು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿ ಇದೆ. ಅಲ್ಲಿಯ ಡೈರಿಗೆ ಸುತ್ತಲಿನ ಹಳ್ಳಿಗಳ ಹಾಲು ಬಂದು ಸೇರುತ್ತದೆ; ನೆರೆಯ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬರುವವರಲ್ಲಿ ಹೆಂಗಸರೂ ಉಂಟು. ಕರೆದ ಹಾಲಿನಲ್ಲಿ ಮನೆಯ ಬಸುರಿಯ ಲೋಟಕ್ಕೆ ಎಷ್ಟು ಉಳಿಯಿತೆಂಬುದು ಬೇರೆಯ ಲೆಕ್ಕ. ಆ ಲೆಕ್ಕದ ಫಲ ಪೂರ್ಣವಾಗಿ ಕಾಣುವುದು ಇನ್ನೂ ಹುಟ್ಟದ ಕೂಸು ನಡುವಯಸ್ಸನ್ನು ದಾಟಿದ ಮೇಲೆ.

ತುಂಬು ತಿಂಗಳಿಗೆ ಹುಟ್ಟಿದ ಶಿಶುವಿನ ಮೈಯಲ್ಲಿ ಸುಮಾರು 30 ಗ್ರಾಂ ಸುಣ್ಣದ ಸತ್ವ, ಅಂದರೆ ಕ್ಯಾಲ್ಸಿಯಂ ಇರುತ್ತದೆ. ಅದರ ಬಹುಭಾಗ ಕಡೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಿಂದ ಇಳಿದು ಬಂದುದು. ಅನ್ನವನ್ನೇ ನೆಚ್ಚಿದ ಮಲೆನಾಡಿನ ಊಟದಲ್ಲಿ ಈ ಸತ್ವ ಅತ್ಯಲ್ಪ. ಬಯಲುಸೀಮೆಯ ರಾಗಿಯಲ್ಲಾದರೋ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಉಂಟು. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಬಸುರಿಯ ಊಟವನ್ನೇ ಕಡಿತಗೊಳಿಸುವ ಮನೆಗಳೂ ಇವೆ!

ಗರ್ಭದ ದಿನಗಳು ಮುಂದಿನ ಆರೋಗ್ಯವನ್ನು ರೂಪಿಸುತ್ತವೆಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ದಶಕಗಳ ಬಳಿಕ ವಿಜ್ಞಾನಿಗಳು ಆ ಪುಸ್ತಕಗಳನ್ನು ಹಿಡಿದು ನಗರದಲ್ಲಿ ಅದೇ ಶಿಶುಗಳನ್ನು ಹುಡುಕಿದರು; ಅವರೆಲ್ಲ ಆಗ ನಡುವಯಸ್ಕರು. ಹುಟ್ಟುವಾಗ ಹಗುರವಾಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಂದ ಇನ್ನೊಂದು ಅಧ್ಯಯನ ಮೊದಲಾಯಿತು. ಬಿಸಿಲಿಗೆ ಬರವಿಲ್ಲದ ಊರಿನಲ್ಲಿ ಮೂವರಲ್ಲಿ ಇಬ್ಬರು ತಾಯಂದಿರಿಗೆ ಡಿ ಜೀವಸತ್ವದ ಕೊರತೆ! ಅವರ ಮಕ್ಕಳ ತೋಳಿನ ಸ್ನಾಯು ಐದನೆಯ ವಯಸ್ಸಿನಲ್ಲಿಯೂ ಒಂಬತ್ತೂವರೆಯಲ್ಲಿಯೂ ಕೃಶವಾಗಿತ್ತು. ಸ್ನಾಯುವಿನ ಎಳೆತವೇ ಎಲುಬಿಗೆ ವ್ಯಾಯಾಮ. ನೇರವಾಗಿ ಎಲುಬನ್ನೇ ಅಳೆದುದು ಪುಣೆಯಲ್ಲಿ: ಗರ್ಭಿಣಿಯಾಗಿದ್ದಾಗ ಹಾಲು ಮೊದಲಾದ ಸುಣ್ಣಸತ್ವದ ಆಹಾರವನ್ನು ಹೆಚ್ಚು ಸಾರಿ ಸೇವಿಸಿದವರ ಮಕ್ಕಳ ಎಲುಬು ಆರನೆಯ ವಯಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿತ್ತು.

ಇನ್ನು ಮನಸ್ಸಿನ ಮಾತು. ಭಯ, ಕಲಹ, ಸಾಲದ ಚಿಂತೆಗಳು ಬಹುಕಾಲ ಕಾಡಿದರೆ ತಾಯಿಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ರಸ ಏರುತ್ತದೆ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಬಹುಪಾಲನ್ನು ನಿರ್ವೀರ್ಯಗೊಳಿಸಿ ಶಿಶುವನ್ನು ಕಾಯುತ್ತದೆ. ಹಸಿವು, ತೀವ್ರ ಬೇಗುದಿಗಳಿಂದ ಆ ಕಾವಲು ಸಡಿಲವಾಗಬಲ್ಲುದು. ಒಳಹೊಕ್ಕ ಕಾರ್ಟಿಸಾಲ್ ಎಲುಬು ಕಟ್ಟುವ ಕಣಗಳ ಕೆಲಸವನ್ನು ಕುಂದಿಸುತ್ತದೆ. ಮೂವತ್ತರ ಸುಮಾರಿಗೆ ಎಲುಬಿನ ಗಳಿಕೆ ನಿಲ್ಲುತ್ತದೆ, ಆಮೇಲಿನದೆಲ್ಲ ಖರ್ಚು. ಮೊದಲ ಠೇವಣಿಯೇ ಕಡಿಮೆಯಾದವರಿಗೆ ಮುಪ್ಪಿನಲ್ಲಿ ಜಾರಿ ಬಿದ್ದರೆ ಸೊಂಟ ಮುರಿಯುವ ಭಯ ಹೆಚ್ಚು. ಆದರೆ ಚಿಂತೆಯ ಬಗೆಗಿನ ಪುರಾವೆ ಬಹುಮಟ್ಟಿಗೆ ಪ್ರಾಣಿಗಳ ಮೇಲಿನ ಪ್ರಯೋಗಗಳದು. ಮನುಷ್ಯರಲ್ಲಿ ಅದು ಇನ್ನೂ ಕೂಡಿಬರುತ್ತಿದೆ. ಮಗುವಿನ ಎಲುಬು ಸಣ್ಣದೆಂದು ತಾಯಿಯನ್ನು ದೂರುವ ಅತ್ತೆಯರಿಗೆ ಇದರಲ್ಲಿ ಆಧಾರವಿಲ್ಲ. ಆಕೆಯನ್ನು ಚಿಂತೆಗೀಡು ಮಾಡಿದವರು ಯಾರೆಂದು ಮೊದಲು ಕೇಳಬೇಕಾದೀತು.

ಸೀಮಂತ ಮುಗಿಸಿ ಬಸುರಿಯನ್ನು ತವರಿಗೆ ಕಳುಹಿಸುವ ರೂಢಿ ಎಲುಬು ಬೆಳೆಯುವ ಆ ಕಡೆಯ ತಿಂಗಳುಗಳಿಗೇ ಸರಿಯಾಗಿ ಬೀಳುತ್ತದೆ. ಕರ್ನಾಟಕ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆಯಿಂದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೆ ಹಾಲು ಸಹಿತ ಬಿಸಿಯೂಟವನ್ನು ಆರಂಭಿಸಿತು. ಅದೇ ವರ್ಷ ಕಾರ್ಖಾನೆಗಳ ಹೆರಿಗೆ ರಜೆ ಮೊದಲೆರಡು ಮಕ್ಕಳಿಗೆ 12 ವಾರಗಳಿಂದ 26ಕ್ಕೆ ಏರಿತು. ಸ್ವಂತ ಹೊಲದಲ್ಲಿ, ಕೊಟ್ಟಿಗೆಯಲ್ಲಿ ದುಡಿಯುವವಳಿಗೆ ಆ ರಜೆಯಿಲ್ಲ. ತವರಿನಿಂದ ಕರೆಯಲು ಬಂದ ದಿನವೇ ಆಕೆಗೆ ರಜೆ.