ಮರುಭೂಮಿಯ ಹಲ್ಲಿ ಮನೆಗೆ ಬರುವ ಮುನ್ನ

ಸಾಕುಪ್ರಾಣಿಗಳ ವಿಷಯವಾಗಿ ಚರ್ಚೆ ಏರ್ಪಡಿಸಿದಾಗಲೆಲ್ಲ ನಾಯಿ, ಬೆಕ್ಕು, ಮೀನಿನ ತೊಟ್ಟಿಗಳ ಮಾತಿನಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ಆದರೆ ವಿದ್ಯಾರ್ಥಿಗಳ ಪ್ರಶ್ನೆಗಳು ಈಚೆಗೆ ಬೇರೆ ದಿಕ್ಕಿಗೆ ಹೊರಳಿವೆ. ಗಡ್ಡದಂತೆ ಮುಳ್ಳುಗಳಿರುವ ಆಸ್ಟ್ರೇಲಿಯಾದ ಹಲ್ಲಿ, ಮೈಮೇಲೆ ಚಿರತೆಯ ಚುಕ್ಕೆಗಳಿರುವ ಹಲ್ಲಿ, ಇವನ್ನು ಮನೆಯಲ್ಲಿ ಸಾಕಬಹುದೇ ಎಂದು ನೀವು ಕೇಳುತ್ತೀರಿ. ಸ್ಟುಡಿಯೋದಲ್ಲಿ ಎರಡು ನಿಮಿಷದಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಇದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಬಿಸಿಲು, ಬಂಡೆ, ಕುರುಚಲು ಎಲ್ಲವೂ ಇರುವ ಸೀಮೆ ಅದು. ಇಂಥ ಪ್ರಾಣಿಗೆ ಹೇಳಿ ಮಾಡಿಸಿದ ಜಾಗವೆಂದು ಯಾರಿಗಾದರೂ ಅನ್ನಿಸಬಹುದು.

ಮೊದಲು ನಿಮ್ಮ ಸುತ್ತಲಿನ ಹಲ್ಲಿಗಳ ಮಾತು. ಘಟಪ್ರಭೆ ಧುಮುಕುವಲ್ಲಿನ ಮರಳುಗಲ್ಲಿನ ಬಂಡೆಗಳ ನಡುವೆ, ಹೊಲದ ಬದುಗಳಲ್ಲಿ, ಓತಿಕ್ಯಾತ, ಹಾವರಾಣಿ, ಉಡ ಇವನ್ನು ನೀವು ಕಂಡೇ ಇರುತ್ತೀರಿ. ಮುಂಗಾರಿಗೆ ಮೊದಲು ಬಯಲಿನ ಕಲ್ಲಿನ ಮೇಲೆ ನಿಂತು ಗಂಟಲಿನ ಬೀಸಣಿಗೆಯನ್ನು ಬಿಚ್ಚಿ ತೋರಿಸುವ ಪುಟ್ಟ ಓತಿಯೊಂದಿದೆ. ನೀಲಿ, ಕಪ್ಪು, ಕಿತ್ತಳೆ ಬಣ್ಣದ ಆ ಬೀಸಣಿಗೆಯಿಂದ ಗಂಡು ಹೆಣ್ಣನ್ನು ಕರೆಯುತ್ತದೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಬಯಲುಗಳಲ್ಲಿರುವ ಈ ಓತಿಗಳಿಗೆ 2016ರಲ್ಲಿ ವಿಜ್ಞಾನಿಗಳು ‘ಸರಡಾ’ ಎಂಬ ಹೊಸ ಕುಲದ ಹೆಸರಿಟ್ಟರು. ಮರಾಠಿಯಲ್ಲಿ ಓತಿಗೆ ಹೇಳುವ ಮಾತೇ ಅದು. ಗಡಿಯ ಊರಿನವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳಲ್ಲಿ ಒಂದನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿಟ್ಟರಾಯಿತು, ಹಣ ಕೊಟ್ಟು ಏಕೆ ಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಹಾಗೆ ಮಾಡಬಾರದು. ಉಡದ ವಿಷಯದಲ್ಲಂತೂ ಅದು ದೊಡ್ಡ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲೇ, ಉಡವೂ ಇದೆ. ಹಿಡಿದು ಇಟ್ಟುಕೊಂಡವರಿಗೆ 3ರಿಂದ 7 ವರ್ಷಗಳ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಉಡದ ಸಹಾಯದಿಂದ ಕೋಟೆಯ ಗೋಡೆ ಹತ್ತಿದ ಕಥೆಯಿಂದಲೇ ಮುಧೋಳದ ಘೋರ್ಪಡೆ ಮನೆತನಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ಹಿಂದೆ ಕಂಜರಕ್ಕೆ ಬಿಗಿಯುತ್ತಿದ್ದುದು ಉಡದ ಚರ್ಮವನ್ನೇ. ಕಾನೂನು ಬಿಗಿಯಾದ ಮೇಲೆ ಆಡಿನ ಚರ್ಮ ಬಳಕೆಗೆ ಬಂತು. ನಮ್ಮ ಜನಜೀವನದಲ್ಲಿ ಇಷ್ಟು ಬೆರೆತಿದ್ದರೂ ಅದು ಸಾಕುವ ಪ್ರಾಣಿಯಲ್ಲ.

ಕಾಡಿನ ಹಲ್ಲಿಯನ್ನು ತಂದು ಸಾಕುವುದು ಕಾನೂನಿನ ದೃಷ್ಟಿಯಿಂದ ಮಾತ್ರವಲ್ಲ, ಪ್ರಾಣಿಯ ದೃಷ್ಟಿಯಿಂದಲೂ ತಪ್ಪು. ಹೊರಗೆ ಬೆಳೆದ ಹಲ್ಲಿಯ ಕರುಳಿನಲ್ಲಿ ಜಂತುಗಳು, ಮೈಮೇಲೆ ಉಣ್ಣೆಗಳು ಇದ್ದೇ ಇರುತ್ತವೆ. ಸ್ವತಂತ್ರವಾಗಿರುವಾಗ ಅವುಗಳಿಂದ ಹೆಚ್ಚು ತೊಂದರೆಯಾಗದು. ಪೆಟ್ಟಿಗೆಯೊಳಗೆ ಭಯದಿಂದ ಮೇವು ಬಿಟ್ಟಾಗ ಅದೇ ಜಂತುಗಳು ಪ್ರಾಣಿಯನ್ನು ಹಿಂಡಿಬಿಡುತ್ತವೆ. ಹಲ್ಲಿ ನಾಯಿಯಂತೆ ನರಳಿ ತೋರಿಸುವುದಿಲ್ಲ. ಸುಮ್ಮನೆ ಕುಳಿತಿರುತ್ತದೆ, ಯಜಮಾನನು ‘ಪಳಗಿದೆ’ ಎಂದುಕೊಳ್ಳುತ್ತಾನೆ, ಕೆಲವು ವಾರಗಳಲ್ಲಿ ಅದು ಸಾಯುತ್ತದೆ.

ಆದ್ದರಿಂದಲೇ ‘ಸಾಕಣೆಯಲ್ಲಿ ಹುಟ್ಟಿದ್ದು’ ಎಂಬ ಮಾತಿಗೆ ಬೆಲೆ. ಈ ಮಾತನ್ನು ವ್ಯಾಪಾರಿಗಳು ಬಹಳ ಸಡಿಲವಾಗಿ ಬಳಸುವುದರಿಂದ ಅದರ ನಿಜವಾದ ಅರ್ಥವನ್ನು ತಿಳಿದುಕೊಳ್ಳಿ. ಗರ್ಭ ಧರಿಸಿದ ಹೆಣ್ಣನ್ನು ಕಾಡಿನಿಂದ ಹಿಡಿದು ತಂದು, ಅದು ಪೆಟ್ಟಿಗೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿದರೆ, ಆ ಮರಿ ಸಾಕಣೆಯಲ್ಲಿ ಹುಟ್ಟಿದ್ದೆಂದು ಮಾರುವವನು ಹೇಳಬಹುದು. ಅಂತರರಾಷ್ಟ್ರೀಯ ನಿಯಮ ಇದನ್ನು ಒಪ್ಪುವುದಿಲ್ಲ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟ್ಸ್’ ಒಪ್ಪಂದದ ಪ್ರಕಾರ ತಂದೆ ತಾಯಿ ಎರಡೂ ಸಾಕಣೆಯಲ್ಲೇ ಕೂಡಿರಬೇಕು. ಮೂಲ ಜೋಡಿಗಳನ್ನು ಕಾನೂನುಬದ್ಧವಾಗಿ ಪಡೆದಿರಬೇಕು. ಆ ಸಾಕಣೆಯಲ್ಲಿ ಎರಡನೆಯ ಪೀಳಿಗೆಯೂ ಬರುವಂತಿರಬೇಕು. ಅಂಥ ಪ್ರಾಣಿಯ ಕಾಗದದ ಮೇಲೆ ‘ಸಿ’ ಎಂಬ ಅಕ್ಷರವಿರುತ್ತದೆ. ಕಾಡಿನಿಂದ ಹಿಡಿದದ್ದಕ್ಕೆ ‘ಡಬ್ಲ್ಯು’. ಸಾಕಣೆಯಲ್ಲಿ ಹುಟ್ಟಿದರೂ ಈ ಶರತ್ತುಗಳನ್ನು ಪೂರೈಸದ್ದಕ್ಕೆ ‘ಎಫ್’. ಒಂದು ಅಕ್ಷರದಲ್ಲಿ ಇಡೀ ಕಥೆ ಅಡಗಿದೆ.

ಹಾಗಾದರೆ ಯಾವ ಹಲ್ಲಿ? ಜಗತ್ತಿನಲ್ಲಿ ಹೆಚ್ಚಾಗಿ ಸಾಕುವ ಒಣನಾಡಿನ ಹಲ್ಲಿಗಳು ಮೂರು ಬಗೆಯವು. ಮುಳ್ಳುಬಾಲದ ಹಲ್ಲಿಗಳನ್ನು ಮೊದಲೇ ಬದಿಗಿಡೋಣ. ನಮ್ಮ ದೇಶದ್ದೇ ಆದ ಜಾತಿಯೊಂದು ಕಚ್ಛ್ ಮತ್ತು ಥಾರ್ ಮರುಭೂಮಿಯಲ್ಲಿದೆ. ಎಣ್ಣೆಗಾಗಿ ಅದನ್ನು ಕೊಲ್ಲುವ ಕ್ರೌರ್ಯ ಇನ್ನೂ ನಿಂತಿಲ್ಲ. ಅದನ್ನು ಮುಟ್ಟುವಂತಿಲ್ಲ. ಆಫ್ರಿಕ, ಅರೇಬಿಯಾಗಳ ಮುಳ್ಳುಬಾಲದ ಹಲ್ಲಿಗಳೂ ಸೈಟ್ಸ್ ಪಟ್ಟಿಯಲ್ಲಿವೆ, ಮತ್ತು ಮಾರುಕಟ್ಟೆಗೆ ಬಂದವುಗಳಲ್ಲಿ ಕಾಡಿನಿಂದ ಹಿಡಿದವು ಬಹಳ.

ಎರಡನೆಯದು ಲೆಪರ್ಡ್ ಗೆಕೋ. ಅಫಘಾನಿಸ್ತಾನ, ಪಾಕಿಸ್ತಾನದ ಕಲ್ಲುನೆಲದ ನಿವಾಸಿ. ಒಂದು ಗೇಣು ಉದ್ದ, ನಿಶಾಚರಿ, ಬಾಲದಲ್ಲಿ ಕೊಬ್ಬು ಕೂಡಿಡುತ್ತದೆ. ನಮ್ಮ ಮನೆಯ ಹಲ್ಲಿಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲ, ಇದಕ್ಕಿದೆ. ನಮ್ಮ ಹಲ್ಲಿಗೆ ಗೋಡೆ ಹತ್ತುವ ಅಂಗಾಲಿದೆ, ಇದಕ್ಕಿಲ್ಲ. ಅನೇಕ ದಶಕಗಳಿಂದ ವಿದೇಶಗಳಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಸಾಕಣೆಯಲ್ಲೇ ಬೆಳೆದಿರುವುದರಿಂದ ಹೊಸಬರಿಗೆ ಇದೇ ಸುಲಭ ಎನ್ನುತ್ತಾರೆ. ಒಂದು ತೊಡಕಿದೆ. ಗುಜರಾತ್, ಮಹಾರಾಷ್ಟ್ರಗಳ ಒಣಕಾಡುಗಳಲ್ಲಿ ಇದೇ ಕುಲದ ನಮ್ಮ ಹಲ್ಲಿಗಳಿವೆ. 2014ರಲ್ಲಿ ಸಾತ್ಪುರ ಬೆಟ್ಟಗಳಿಂದ ಇನ್ನೊಂದು ಜಾತಿಯನ್ನು ವಿವರಿಸಲಾಯಿತು. ಕಾಡಿನಿಂದ ಹಿಡಿದ ಮರಿಯನ್ನು ಸಾಕಣೆಯದೆಂದು ಮಾರುವುದು ಕಷ್ಟವಲ್ಲ, ನೋಡಿ ಗುರುತಿಸುವುದು ನಿಮ್ಮಿಂದಾಗದು. ಅರಣ್ಯ ಇಲಾಖೆಯನ್ನು ಕೇಳದೆ ಇದನ್ನು ಕೊಳ್ಳಬೇಡಿ.

ಮೂರನೆಯದು ಆಸ್ಟ್ರೇಲಿಯಾದ ಗಡ್ಡದ ಹಲ್ಲಿ, ಬಿಯರ್ಡೆಡ್ ಡ್ರ್ಯಾಗನ್. ಬಾಲ ಸೇರಿ ಒಂದು ಮೊಳದಷ್ಟು. ಹಗಲು ಎಚ್ಚರವಾಗಿರುತ್ತದೆ, ಹುಳುವನ್ನೂ ಸೊಪ್ಪನ್ನೂ ತಿನ್ನುತ್ತದೆ, ಎದುರಾಳಿಗೆ ತಲೆ ಕುಣಿಸುತ್ತದೆ, ಸೋತಾಗ ಮುಂಗಾಲೆತ್ತಿ ನಿಧಾನವಾಗಿ ಬೀಸುತ್ತದೆ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಹೊರದೇಶಕ್ಕೆ ಕಳುಹಿಸುವುದನ್ನು 1960ರ ದಶಕದಿಂದಲೇ ನಿಷೇಧಿಸಿದೆ. ಹೀಗಾಗಿ ಹೊರಗೆ ಮಾರಾಟಕ್ಕಿರುವ ಗಡ್ಡದ ಹಲ್ಲಿಗಳು ಸಾಮಾನ್ಯವಾಗಿ ಸಾಕಣೆಯ ಸಂತತಿಯೇ. ನನ್ನನ್ನು ಕೇಳಿದರೆ, ಕೊಳ್ಳಲೇಬೇಕೆಂದಿದ್ದರೆ ಇದು. ಆದರೆ ಇದರ ಖರ್ಚು ಹಲ್ಲಿಯ ಬೆಲೆಯಲ್ಲಿಲ್ಲ, ಅದರ ಬಿಸಿಲಿನಲ್ಲಿದೆ.

ಮರುಭೂಮಿಯ ಪ್ರಾಣಿಗೆ ಸೆಕೆ ಬೇಕು ಎಂಬುದು ಅರ್ಧ ಸತ್ಯ. ಹಲ್ಲಿ ಶೀತರಕ್ತದ ಪ್ರಾಣಿ. ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು, ಜಾಗ ಬದಲಿಸುತ್ತ ಹದ ಮಾಡಿಕೊಳ್ಳುತ್ತದೆ. ಬಿಸಿಲಿನಲ್ಲಿ ಕಾಯ್ದು ಮೇವನ್ನು ಅರಗಿಸಿಕೊಳ್ಳುತ್ತದೆ, ಕಾವು ಹೆಚ್ಚಾದರೆ ಕಲ್ಲಿನ ಸಂದಿಗೆ ಸರಿಯುತ್ತದೆ. ಅದಕ್ಕೆ ಬೇಕಾದುದು ಸೆಕೆಯಲ್ಲ, ಸೆಕೆ ಮತ್ತು ತಂಪಿನ ನಡುವಿನ ಆಯ್ಕೆ. ಗಡ್ಡದ ಹಲ್ಲಿಯ ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪದ ಕೆಳಗಿನ ಕಲ್ಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು, ಇನ್ನೊಂದು ತುದಿ 25ರ ಆಸುಪಾಸು. ಲೆಪರ್ಡ್ ಗೆಕೋಗೆ ಬಿಸಿ ತುದಿ 32 ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಗೋಕಾಕದಲ್ಲಿ ಹೊರಗಿನ ಗಾಳಿಯೇ 38, 40 ಡಿಗ್ರಿ ಮುಟ್ಟುವುದುಂಟು. ಪತ್ರಾಸಿನ ಮಾಡಿನ ಕೋಣೆಯಲ್ಲಿ ಪೆಟ್ಟಿಗೆಯ ತಂಪು ತುದಿ ಎಲ್ಲಿ ಉಳಿಯುತ್ತದೆ? ಆಗ ನಿಮ್ಮ ಕಷ್ಟ ಹಲ್ಲಿಯನ್ನು ಬೆಚ್ಚಗಿಡುವುದಲ್ಲ, ತಂಪಾಗಿಡುವುದು. ಮಳೆಗಾಲದ ತೇವದಲ್ಲಿ ಮತ್ತೆ ಬೇರೆ ಕಷ್ಟ. ಗಾಳಿಯಾಡದ ಒದ್ದೆ ಪೆಟ್ಟಿಗೆಯಲ್ಲಿ ಒಣನಾಡಿನ ಹಲ್ಲಿಗೆ ಶ್ವಾಸಕೋಶದ ಸೋಂಕು ತಗಲುತ್ತದೆ. ಡಿಸೆಂಬರಿನ ರಾತ್ರಿ ಕರೆಂಟು ಹೋದರೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ಯೋಚಿಸಿಡಿ. ಕಾವು ಸಿಗದ ಹಲ್ಲಿಯ ಹೊಟ್ಟೆಯಲ್ಲಿ ತಿಂದದ್ದು ಅರಗದೆ ಕೊಳೆಯುತ್ತದೆ.

ಕಾವಿನ ಜೊತೆಗೆ ಬೆಳಕು. ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ದೇಹದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದೆ ಮೇವಿನ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ದವಡೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಕೊನೆಗೆ ಮೈಯೆತ್ತಿ ನಡೆಯಲಾರದೆ ತೆವಳುತ್ತದೆ. ಮರಿಗಳಲ್ಲಿ ಅತಿ ಸಾಮಾನ್ಯವಾದ ರೋಗ ಇದೇ. ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರೆ ಬಿಸಿಲು ಸಿಕ್ಕಿತಲ್ಲ ಎನ್ನಬೇಡಿ. ಸಾಮಾನ್ಯ ಗಾಜು ಬೆಳಕನ್ನು ಒಳಬಿಟ್ಟು ಅತಿನೇರಳೆ ಬಿ ಕಿರಣವನ್ನು ತಡೆಯುತ್ತದೆ. ಮೇಲಾಗಿ ನೇರ ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗಿ ಒಳಗಿನ ಜೀವ ಹೋಗುತ್ತದೆ. ಇದಕ್ಕೆಂದೇ ಬರುವ ವಿಶೇಷ ದೀಪ ಬೇಕು. ಅದು ಉರಿಯುತ್ತಿದ್ದರೂ ಅದರ ಅತಿನೇರಳೆ ಶಕ್ತಿ ಕ್ರಮೇಣ ಕುಂದುವುದರಿಂದ 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು. ಬೆಳಗಿನ ಎಳೆ ಬಿಸಿಲಿನಲ್ಲಿ ಜಾಲರಿಯ ಪಂಜರದಲ್ಲಿ, ಅರ್ಧ ನೆರಳು ಮಾಡಿ, ನೀವು ಎದುರಿಗೇ ಕುಳಿತು ಸ್ವಲ್ಪ ಹೊತ್ತು ಬಿಡುವುದಾದರೆ ಅದು ದೀಪಕ್ಕಿಂತ ಮಿಗಿಲು.

ಮೇವಿನ ವಿಷಯ. ಕಬ್ಬಿನ ಗದ್ದೆ, ಗೋವಿನಜೋಳದ ಹೊಲಗಳಲ್ಲಿ ಮಿಡತೆಗಳಿಗೆ ಬರವಿಲ್ಲ ನಿಜ. ಆದರೆ ಅಲ್ಲಿ ಔಷಧಿ ಸಿಂಪಡಿಸಿದ್ದಾರೆಯೇ ಎಂಬುದು ಮಿಡತೆಯ ಮುಖ ನೋಡಿ ತಿಳಿಯದು. ವಿಷ ತಿಂದ ಹುಳು ಹಲ್ಲಿಗೂ ವಿಷವೇ. ಹುಳುಗಳನ್ನು ಮನೆಯಲ್ಲೇ ಬೆಳೆಸಿ, ಅವಕ್ಕೆ ಒಳ್ಳೆಯ ಮೇವು ಕೊಟ್ಟು, ಸುಣ್ಣದಂಶದ ಪುಡಿ ಸವರಿ ತಿನ್ನಿಸಬೇಕು. ಅಂದರೆ ಹಲ್ಲಿ ಸಾಕುವವನು ಹುಳುವನ್ನೂ ಸಾಕುತ್ತಾನೆ. ಮನೆಯಲ್ಲಿ ಅವ್ವನ ಒಪ್ಪಿಗೆ ಕೇಳುವಾಗ ಈ ಮಾತನ್ನು ಮುಚ್ಚಿಡಬೇಡಿ.

ಮೂಡಲಗಿ ಕಡೆಯ ರೈತರು ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾರೆ, ನಡೆಸಿ ನೋಡುತ್ತಾರೆ, ಮೇವು ಹಾಕಿ ನೋಡುತ್ತಾರೆ. ಹಲ್ಲಿಗೂ ಅದೇ ಕ್ರಮ. ಕಣ್ಣು ಗುಳಿ ಬಿದ್ದಿರಬಾರದು, ಬಾಲದ ಬುಡ ಬತ್ತಿರಬಾರದು, ದವಡೆ ಗಟ್ಟಿಯಾಗಿರಬೇಕು, ಬೆರಳುಗಳೆಲ್ಲ ಇರಬೇಕು, ಕಂಕುಳಲ್ಲಿ ಉಣ್ಣೆ ಇರಬಾರದು. ನಿಮ್ಮ ಎದುರಿಗೇ ಹುಳು ಹಿಡಿದು ತಿನ್ನಬೇಕು. ತಂದೆ ತಾಯಿಯನ್ನು ತೋರಿಸಿ, ಮೊಟ್ಟೆಯೊಡೆದ ತಾರೀಖು ಹೇಳಿ ಎಂದು ಕೇಳಿ. ನಿಜವಾಗಿ ಮರಿ ಮಾಡಿಸುವವರು ಈ ಲೆಕ್ಕ ಬರೆದಿಟ್ಟಿರುತ್ತಾರೆ, ಕೇಳಿದರೆ ಹಿಗ್ಗುತ್ತಾರೆ. ಪೇಟೆಯ ವ್ಯಾಪಾರಿ ಮಾತು ತಿರುಗಿಸಿದರೆ ಎದ್ದು ಬನ್ನಿ. ಥಾಯ್ಲೆಂಡಿನಿಂದ ಬಂದ ಪ್ರಯಾಣಿಕರ ಚೀಲಗಳಲ್ಲಿ ಹಾವು, ಹಲ್ಲಿ, ಆಮೆಗಳು ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿವೆ. ಸಿಕ್ಕದೆ ದಾಟಿದವು ಎಲ್ಲಿಗೋ ಮಾರಾಟಕ್ಕೆ ಹೋಗಲೇಬೇಕಲ್ಲ!

ಗಂಡೋ ಹೆಣ್ಣೋ ಎಂದು ಕೇಳುವವರಿಗೆ ಜೀವಶಾಸ್ತ್ರದ ಒಂದು ಸ್ವಾರಸ್ಯ. ಲೆಪರ್ಡ್ ಗೆಕೋದ ಮೊಟ್ಟೆಗೆ 26 ಡಿಗ್ರಿ ಕಾವು ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಮರಿಗಳೂ ಹೆಣ್ಣು. 32, 33 ಡಿಗ್ರಿಯಲ್ಲಿ ಹೆಚ್ಚಿನವು ಗಂಡು. ಇನ್ನೂ ಏರಿಸಿದರೆ ಮತ್ತೆ ಹೆಣ್ಣು. ಗಡ್ಡದ ಹಲ್ಲಿಗೆ ನಮ್ಮಂತೆ ಲಿಂಗ ವರ್ಣತಂತುಗಳಿವೆ. ಆದರೂ ಮೊಟ್ಟೆಯ ಕಾವು 32 ಡಿಗ್ರಿ ದಾಟಿದರೆ ಗಂಡಿನ ವರ್ಣತಂತು ಹೊತ್ತ ಮರಿಯೂ ಹೆಣ್ಣಾಗಿ ಹೊರಬರಬಲ್ಲದು. ಪ್ರಯೋಗಾಲಯದಲ್ಲಿ ಇದನ್ನು 2007ರಲ್ಲಿ ತೋರಿಸಿದರು. ಆಸ್ಟ್ರೇಲಿಯಾದ ಬಯಲಿನಲ್ಲೂ ಹೀಗೆ ಆಗುತ್ತಿದೆಯೆಂದು 2015ರಲ್ಲಿ ಕಂಡುಕೊಂಡರು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಈ ಸಂಗತಿಯ ಮೇಲೆ ವಿಜ್ಞಾನಿಗಳ ಕಣ್ಣಿದೆ. ಮನೆಯಲ್ಲಿ ಸಾಕುವವರಿಗೆ ಬೇಕಾದುದು ಇಷ್ಟೇ: ಒಂದೇ ಹಲ್ಲಿ ಸಾಕು. ಎರಡು ಗಂಡುಗಳು ಒಂದೇ ಪೆಟ್ಟಿಗೆಯಲ್ಲಿ ಕಾದಾಡುತ್ತವೆ, ಜೋಡಿಯಿಟ್ಟರೆ ಮರಿಗಳಿಗೆ ಮನೆ ಹುಡುಕುತ್ತ ನೀವು ಅಲೆಯಬೇಕು.

ಈಗ ವರ್ಷಗಳ ಲೆಕ್ಕ ಹಾಕಿ. ಗಡ್ಡದ ಹಲ್ಲಿ 10 ವರ್ಷ, ಲೆಪರ್ಡ್ ಗೆಕೋ 15 ವರ್ಷದ ಮೇಲೂ ಬದುಕುತ್ತದೆ. ಪಿಯುಸಿಯಲ್ಲಿರುವಾಗ ಕೊಂಡದ್ದು ನಿಮ್ಮ ಪದವಿ, ನೌಕರಿ, ಮದುವೆಗಳನ್ನೂ ನೋಡುತ್ತದೆ. ಧಾರವಾಡದ ಹಾಸ್ಟೆಲಿಗೆ ಹೋಗುವಾಗ ಅದನ್ನು ಒಯ್ಯುವಂತಿಲ್ಲ. ದೀಪ ಬದಲಿಸುವವರು, ಹುಳು ಸಾಕುವವರು ಮನೆಯಲ್ಲಿ ಯಾರು? ಸಾಕಾಯಿತೆಂದು ಘಟಪ್ರಭೆಯ ದಂಡೆಯಲ್ಲೋ ಗೋಕಾಕದ ಗುಡ್ಡದಲ್ಲೋ ಬಿಟ್ಟು ಬರುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಹಸಿವಿನಿಂದ ಸಾಯಬಹುದು, ಇಲ್ಲವೇ ಊರ ಓತಿಗಳಿಗೆ ಹೊಸ ರೋಗ ಅಂಟಿಸಬಹುದು. ಕಾಯಿಲೆ ಬಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರ ದಿನವೆಲ್ಲ ಎಮ್ಮೆ, ಆಕಳುಗಳಲ್ಲೇ ಕಳೆಯುತ್ತದೆ. ಹಲ್ಲಿ ನೋಡಬಲ್ಲ ವೈದ್ಯರು ಎಲ್ಲಿದ್ದಾರೆಂದು ಕೊಳ್ಳುವ ಮೊದಲೇ ವಿಚಾರಿಸಿ. ಬೆಳಗಾವಿಗೆ ಹೋದಾಗ ಭೂತರಾಮನಹಟ್ಟಿಯ ಮೃಗಾಲಯದಲ್ಲಿ ಕೇಳಿದರೂ ದಾರಿ ಸಿಗಬಹುದು.

ಕಾಗದಪತ್ರಗಳ ಮಾತು ಕೊನೆಗೆ ಬಂತು, ಆದರೆ ಕೆಲಸದಲ್ಲಿ ಅದೇ ಮೊದಲು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೈಟ್ಸ್ ಪಟ್ಟಿಯ ವಿದೇಶಿ ಪ್ರಾಣಿಗಳು ಈಗ ಅದರ ನಾಲ್ಕನೆಯ ಪಟ್ಟಿಯಲ್ಲಿವೆ. 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಕೈಗೆ ಬಂದ 30 ದಿನಗಳೊಳಗೆ ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ನೀವು ಕೊಳ್ಳಬೇಕೆಂದಿರುವ ಜಾತಿಯ ವೈಜ್ಞಾನಿಕ ಹೆಸರನ್ನು ಬರೆದುಕೊಂಡು ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳಿ. ಪಟ್ಟಿಯಲ್ಲಿಲ್ಲದ ಜಾತಿಯಾದರೂ ರಸೀದಿ, ಹುಟ್ಟಿದ ಜಾಗದ ಪತ್ರಗಳನ್ನು ಜೋಪಾನವಾಗಿಡಿ.

ತಂದ ಮೇಲೆ ಮೊದಲ ಎರಡು ವಾರ ಕೈಗೆತ್ತಿಕೊಳ್ಳಬೇಡಿ, ಗೆಳೆಯರನ್ನು ಕರೆದು ತೋರಿಸಬೇಡಿ. ಪೆಟ್ಟಿಗೆಯ ತಳಕ್ಕೆ ಮರಳಿನ ಬದಲು ಕಾಗದ ಹಾಸಿ. ಮರಿ ಮರಳು ನುಂಗಿದರೆ ಕರುಳು ಕಟ್ಟುತ್ತದೆ. ಕಾಗದದ ಮೇಲಾದರೆ ಹಿಕ್ಕೆ ಗಟ್ಟಿಯಿದೆಯೋ ನೀರಾಗಿದೆಯೋ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಅಡಿಗೆಮನೆಯದಲ್ಲದ ತಕ್ಕಡಿಯಲ್ಲಿ ತೂಗಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಮೇವು ತಿಂದರೂ ತೂಕ ಇಳಿಯುತ್ತಿದ್ದರೆ ಹಿಕ್ಕೆಯನ್ನು ಪರೀಕ್ಷೆಗೆ ಕೊಡಿ. ಆರೋಗ್ಯವಾಗಿ ಕಾಣುವ ಹಲ್ಲಿಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ, ಪೆಟ್ಟಿಗೆಯ ಬಟ್ಟಲುಗಳನ್ನು ಬಚ್ಚಲಲ್ಲಿ ಬೇರೆಯಾಗಿ ತೊಳೆಯಿರಿ. ಐದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಆ ಮಗು ದೊಡ್ಡದಾಗುವವರೆಗೆ ಕಾಯಿರಿ.