ಕತ್ತಿ ಹೋಯಿತು, ಕೈ ಉಳಿಯಿತು

ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಹಿತ್ತಾಳೆ, ಕಂಚು ಮುಗಿದ ಮೇಲೆ ಸರ್ ಕೇಳಿದರು: ‘ತಾಮ್ರಕ್ಕೆ ಚಿನ್ನ ಬೆರೆಸಿದರೆ ಏನಾಗುತ್ತೆ?’ ‘ರೇಟು ಜಾಸ್ತಿಯಾಗುತ್ತೆ ಸರ್’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಎಲ್ಲರೂ ನಕ್ಕೆವು. ಸರ್ ಬೋರ್ಡಿನ ಮೇಲೆ ‘ಶಾಕುಡೊ’ ಎಂದಷ್ಟೇ ಬರೆದರು.

ಅಂದು ರಾತ್ರಿ ಹಾಸ್ಟೆಲಿನಲ್ಲಿ ಆ ಪದದ ಬೆನ್ನುಹತ್ತಿದೆ. ಅದು ಜಪಾನಿನ ಹಳೆಯ ಮಿಶ್ರಲೋಹ. ತಾಮ್ರಕ್ಕೆ ಶೇ 4ರ ಆಸುಪಾಸು ಚಿನ್ನ ಸೇರಿಸಿ, ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದರೆ ಲೋಹದ ಮೈ ನೀಲಿಗಪ್ಪಾಗುತ್ತದೆ, ಮಳೆಯಲ್ಲಿ ನೆಂದ ಕಾಗೆಯ ರೆಕ್ಕೆಯಂತೆ. ಕೋಟೆಯ ಮಣ್ಣು ಬಳಸಿ ಕಪ್ಪಾಗಿಸುವ ನಮ್ಮ ಬಿದರಿ ಕಲೆಗೆ ಇದು ದೂರದ ನೆಂಟ ಅನ್ನಿಸಿತು.

ಇದರಿಂದ ಕತ್ತಿಯ ‘ತ್ಸುಬಾ’ ಮಾಡುತ್ತಿದ್ದರು. ಅಂದರೆ ಅಲಗು ಮತ್ತು ಹಿಡಿಯ ನಡುವೆ ಕೈಗೆ ಕಾವಲಾಗಿರುವ, ಅಂಗೈ ಅಗಲದ ಬಿಲ್ಲೆ. ಎಡೊ ಕಾಲದಲ್ಲಿ (1603–1868) ಯುದ್ಧಗಳು ಅಪರೂಪವಾದವು. ಕತ್ತಿ ಒರೆಯಲ್ಲೇ ಉಳಿಯಿತು, ತ್ಸುಬಾ ಚಿತ್ರಪಟವಾಯಿತು. ಆ ಚಿತ್ರಗಳಿಗೆ ಅರ್ಥವೂ ಇದೆ. ಏರೋಪ್ಲೇನ್ ಚಿಟ್ಟೆ ಹಿಂದಕ್ಕೆ ಸರಿಯುವುದಿಲ್ಲವೆಂದು ನಂಬಿ ಅದನ್ನು ‘ಗೆಲುವಿನ ಹುಳ’ ಎಂದರು. ಜಲಪಾತ ಹತ್ತಿದ ಮೀನು ಡ್ರ್ಯಾಗನ್ ಆಗುತ್ತದೆ. ನೀರಿನೊಳಗಿನ ಚಂದ್ರನಿಗೆ ಕೈಚಾಚುವ ಕೋತಿ, ಸಿಗದ್ದಕ್ಕೆ ಆಸೆಪಡುವ ನಮ್ಮಂಥವರು!

1876ರಲ್ಲಿ ಮೇಜಿ ಸರ್ಕಾರ, ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಬೇರೆಯವರು ಕತ್ತಿ ಧರಿಸಿ ಓಡಾಡುವಂತಿಲ್ಲ ಎಂದಿತು. ತಲೆಮಾರುಗಳಿಂದ ಕಲಿತ ಕೆಲಸಕ್ಕೆ ಗಿರಾಕಿಯೇ ಇಲ್ಲವಾಯಿತು.

ಇಲ್ಲಿಗೆ ಬಂದಾಗ ನನ್ನ ನಿದ್ದೆ ಹಾರಿತು. ನಾನು ಓದುತ್ತಿರುವುದು ಮೆಕ್ಯಾನಿಕಲ್. ಕ್ಯಾಂಪಸ್‌ಗೆ ಬರುವ ಕಂಪನಿಗಳು ಕೇಳುವುದು ಕೋಡಿಂಗ್. ಅಪ್ಪ ಲೇತ್ ಆಪರೇಟರ್. ಅವರ ವರ್ಕ್‌ಶಾಪಿಗೆ ಸಿಎನ್‌ಸಿ ಮೆಷಿನ್ ಬಂದ ವಾರ ಅವರು ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದುದು ನೆನಪಾಯಿತು.

ಆ ಕೆತ್ತನೆಗಾರರು ಏನು ಮಾಡಿದರು? ಎಷ್ಟೋ ಮಂದಿ ಕಸುಬು ಬಿಟ್ಟರು. ಉಳಿದವರು ಅದೇ ಉಳಿ, ಅದೇ ಶಾಕುಡೊ ಹಿಡಿದು ಹೂದಾನಿ, ಪೆಟ್ಟಿಗೆಗಳನ್ನು ಮಾಡಿದರು. ಅವು ಯುರೋಪ್, ಅಮೆರಿಕಕ್ಕೆ ಹೋದವು. ತ್ಸುಬಾಗಳಿಗೆ ಹೆಸರಾಗಿದ್ದ ಕಾನೊ ನಾತ್ಸುವೊ ಅಷ್ಟರಲ್ಲಾಗಲೇ ಹೊಸ ಸರ್ಕಾರದ ನಾಣ್ಯಗಳಿಗೆ ಮಾದರಿ ಕೆತ್ತಿದ್ದರು. 1890ರಲ್ಲಿ ಟೋಕಿಯೊದ ಕಲಾಶಾಲೆಯಲ್ಲಿ ಪ್ರಾಧ್ಯಾಪಕರೂ ಆದರು.

ಮರುದಿನ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ‘ಕಬ್ಬಿಣದ ಗುಣ ಗೊತ್ತಿದ್ರೆ ಮೆಷಿನ್ ಯಾವುದಾದ್ರೇನು?’ ಎಂದವರು, ಸ್ವಲ್ಪ ತಡೆದು, ‘ಆದ್ರೂ ಆ ಆರು ತಿಂಗಳು ಕಷ್ಟ ಇತ್ತು ಕಣೋ’ ಎಂದರು.

ನಾನೀಗ ಪೈಥಾನ್ ಕಲಿಯುತ್ತಿದ್ದೇನೆ. ಮೆಟೀರಿಯಲ್ ಸೈನ್ಸ್ ನೋಟ್ಸನ್ನು ಮಾತ್ರ ರದ್ದಿಗೆ ಹಾಕಿಲ್ಲ.