ಚಿಲ್ಲಾಯ್ ಕಲಾನ್ ಬಂತು, ಹಿಮ ಬರಲಿಲ್ಲ

ಕಾಶ್ಮೀರ ಕಣಿವೆಯಲ್ಲಿ ಡಿಸೆಂಬರ್ 21ಕ್ಕೆ ಚಿಲ್ಲಾಯ್ ಕಲಾನ್ ಹುಟ್ಟುತ್ತದೆ. ನಲವತ್ತು ದಿನದ ಕಡುಚಳಿ. ಅದರ ಬೆನ್ನಿಗೆ ಇಪ್ಪತ್ತು ದಿನದ ಚಿಲ್ಲಾಯ್ ಖುರ್ದ್, ಕೊನೆಗೆ ಹತ್ತು ದಿನದ ಚಿಲ್ಲಾಯ್ ಬಚ್ಚಾ. ನಮ್ಮ ರೈತರು ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರ ಎಣಿಸಿಕೊಂಡು ಹೊಲಕ್ಕಿಳಿಯುವ ಹಾಗೆ, ಅಲ್ಲಿನವರು ಈ ಲೆಕ್ಕ ಹಿಡಿದು ಮೈ ಕಾಯಿಸುವ ಕೆಂಡದ ಕುಡಿಕೆ ಕಾಂಗ್ಡಿಗೆ ಇದ್ದಿಲು, ಅಡುಗೆಗೆ ಒಣಗಿಸಿದ ತರಕಾರಿ ಕೂಡಿಡುತ್ತಾರೆ. ಚಳಿಯ ಮಟ್ಟಿಗೆ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. 2024ರ ಡಿಸೆಂಬರ್ 21ರಂದೇ ಶ್ರೀನಗರದ ಉಷ್ಣಾಂಶ ಮೈನಸ್ 8.5 ಡಿಗ್ರಿಗೆ ಇಳಿಯಿತು. ಸುಮಾರು ಐವತ್ತು ವರ್ಷಗಳಲ್ಲಿ ಡಿಸೆಂಬರ್ ತಿಂಗಳು ಅಂಥ ರಾತ್ರಿಯನ್ನು ಕಂಡಿರಲಿಲ್ಲ.

ಕೈಕೊಡುವುದು ಹಿಮ. 2024ರ ಜನವರಿಯಲ್ಲಿ, ಚಿಲ್ಲಾಯ್ ಕಲಾನ್ ನಡುಮಧ್ಯದಲ್ಲಿ, ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗರಿಗೆ ಸಿಕ್ಕಿದ್ದು ಕಂದು ಬಣ್ಣದ ಒಣಹುಲ್ಲು. ಮರುವರ್ಷ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲವೆಂದು ಮಾರ್ಚ್‌ಗೆ ಮುಂದೂಡಬೇಕಾಯಿತು. ಇಷ್ಟು ಚಳಿಯಿದ್ದೂ ಹಿಮ ಯಾಕಿಲ್ಲ ಎಂದು ಬಯಲುಸೀಮೆಯ ನಮಗೆ ಅನ್ನಿಸೀತು. ಆದರೆ ನೆಲದ ಶಾಖ ಆಕಾಶಕ್ಕೆ ಸಲೀಸಾಗಿ ಹಾರಿಹೋಗುವುದು ಮೋಡವಿಲ್ಲದ ರಾತ್ರಿಯಲ್ಲಿ. ಹಿಮಕ್ಕೆ ಮೋಡ ಬೇಕೇ ಬೇಕು. ಹಾಗಾಗಿ ದಾಲ್ ಸರೋವರದ ಅಂಚು ಹೆಪ್ಪುಗಟ್ಟುವಂಥ ಚಳಿ ಎಷ್ಟೋ ಸಲ ಹಿಮ ಇನ್ನೂ ದೂರವಿದೆ ಎಂಬುದರ ಗುರುತು.

ಮೋಡ ತರುವವು ಪಶ್ಚಿಮದ ಪ್ರಕ್ಷುಬ್ಧತೆಗಳು. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ಈ ಅಲೆಗಳು ಎತ್ತರದ ಜೆಟ್ ಗಾಳಿಯ ಜೊತೆ ಇರಾನ್, ಅಫ್ಗಾನಿಸ್ತಾನ ದಾಟಿ ಬರುತ್ತವೆ. ದಾರಿಯಲ್ಲಿ ಅರಬ್ಬಿ ಸಮುದ್ರದ ತೇವವನ್ನೂ ಸೆಳೆದುಕೊಳ್ಳುತ್ತವೆ. ಚಳಿಗಾಲದಲ್ಲಿ ತಿಂಗಳಿಗೆ ಐದಾರು ಬಂದರೂ ಹೆಚ್ಚಿನವು ನಾಲ್ಕು ಮೋಡ ತೋರಿಸಿ ಹೊರಟುಹೋಗುತ್ತವೆ. ಒಂದೆರಡು ಮಾತ್ರ ಪೀರ್ ಪಂಜಾಲ್ ಸಾಲಿಗೆ ಬಲವಾಗಿ ಬಡಿದು ಹಿಮ ಸುರಿಸುತ್ತವೆ. ದೂರದಿಂದ ನಡೆದು ಬರುವ ಅತಿಥಿಗಳಾದ್ದರಿಂದ ಉಪಗ್ರಹದ ಕಣ್ಣಿಗೆ ಮೊದಲೇ ಬೀಳುತ್ತವೆ; ನಾಲ್ಕೈದು ದಿನ ಮುಂಚಿನ ಮುನ್ಸೂಚನೆ ನಂಬುವಂತಿರುವುದು ಇದರಿಂದಲೇ.

ಕಷ್ಟ ಶುರುವಾಗುವುದು ಅವು ಬೆಟ್ಟ ಮುಟ್ಟಿದ ಮೇಲೆ. ಶ್ರೀನಗರ 1,585 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ ಸುಮಾರು 2,650. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಒಂದೇ ಮೋಡ ಮೇಲೆ ಹಿಮವಾಗಿ, ಕೆಳಗೆ ಜಿಟಿಜಿಟಿ ಮಳೆಯಾಗಿ ಬೀಳುತ್ತದೆ. ಸೊನ್ನೆ ಡಿಗ್ರಿಯ ಗೆರೆ ಇನ್ನೂರು ಮೀಟರ್ ಅತ್ತಿತ್ತ ಸರಿದರೂ ಒಂದೂರಿನ ಹಿಮ ಇನ್ನೊಂದೂರಿನ ಕೆಸರು. 2025ರಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ದೇಶವನ್ನು ಆರು ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿ ನೋಡುತ್ತದೆ. ಹಿಂದಿನ ಹನ್ನೆರಡಕ್ಕಿಂತ ಇದು ಎಷ್ಟೋ ವಾಸಿ. ಆದರೆ ಹಿಮಾಲಯದ ಆರು ಕಿಲೋಮೀಟರ್‌ನೊಳಗೆ ಒಂದು ಶಿಖರ, ಒಂದು ಕಣಿವೆ, ಮೂರು ಹಳ್ಳಿ ಅಡಗಿರುತ್ತವೆ.

ಇಡೀ ಋತುವಿನ ಮುನ್ನೋಟದ ಸಂಗತಿಯೇ ಬೇರೆ. ಜನವರಿಯಿಂದ ಮಾರ್ಚ್‌ವರೆಗೆ ಉತ್ತರ ಭಾರತದ ಮಳೆಯ ದೀರ್ಘಕಾಲೀನ ಸರಾಸರಿ 184.3 ಮಿಲಿಮೀಟರ್. ಈ ಸಲ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬ ಸಂಭವನೀಯತೆಯನ್ನು ಹವಾಮಾನ ಇಲಾಖೆ ಹೇಳುತ್ತದೆ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಇದ್ದ ಚಳಿಗಾಲಗಳಲ್ಲಿ ವಾಯವ್ಯ ಭಾರತಕ್ಕೆ ಮಳೆ-ಹಿಮ ತುಸು ಹೆಚ್ಚು ಎಂಬುದು ಹಳೆಯ ಅನುಭವ. 2023-24ರಲ್ಲಿ ಬಲವಾದ ಎಲ್ ನಿನೊ ಇದ್ದೂ ಜನವರಿ ಒಣಗಿತು. ಹಿಮ ಬಿದ್ದದ್ದು ತಿಂಗಳ ಕೊನೆಯಿಂದೀಚೆಗೆ. ಮೂರು ತಿಂಗಳ ಮೊತ್ತದಲ್ಲಿ ಇಂಥ ತಡ ಮುಚ್ಚಿಹೋಗುತ್ತದೆ. ಕಣಿವೆಗೆ ಮುಚ್ಚಿಹೋಗುವುದಿಲ್ಲ: ಚಿಲ್ಲಾಯ್ ಕಲಾನ್‌ನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಬೇಸಿಗೆಯವರೆಗೆ ಝೇಲಂಗೆ ನೀರೂಡುತ್ತದೆ, ಮಾರ್ಚ್‌ನದು ಬೇಗ ಕರಗಿ ಹರಿದುಹೋಗುತ್ತದೆ.

ಈ ಹಿಮಕ್ಕೂ ನಮ್ಮ ಮುಂಗಾರಿಗೂ ಒಂದು ಹಳೆಯ ನಂಟುಂಟು. ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯನ್ನು ಬರಿದು ಮಾಡಿದ ಕೆಲವೇ ವರ್ಷಗಳಲ್ಲಿ, 1884ರಲ್ಲಿ, ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚಾದರೆ ಮುಂಗಾರು ಸೊರಗುತ್ತದೆ ಎಂದು ವಾದಿಸಿದ. 1886ರಿಂದ ಮುಂಗಾರಿನ ಮುನ್ಸೂಚನೆಯೂ ಹೊರಬಿತ್ತು. ನಂಟು ಅವನೆಣಿಸಿದಷ್ಟು ನೇರವಲ್ಲ ಎಂದು ಮುಂದೆ ತಿಳಿಯಿತು.

ನನ್ನ ಕೇಳಿದರೆ, ಋತುವಿನ ಮುನ್ನೋಟಕ್ಕೆ ಸಿಗುವ ಪತ್ರಿಕೆಯ ಜಾಗದಲ್ಲಿ ಅರ್ಧವನ್ನಾದರೂ ದಿನದಿನದ ಹಿಮಕುಸಿತ ಎಚ್ಚರಿಕೆಗೆ ಕೊಡಬೇಕು. ಅದನ್ನು ಹೊರಡಿಸುವುದು ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು. ಅದರ ಬೇರು 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಅಧ್ಯಯನ ಕೇಂದ್ರ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಂ ಠಾಣೆ ಹಿಮದಡಿ ಹೂತಾಗ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಕರ್ನಾಟಕವೆಲ್ಲ ಕಾದಿತ್ತು. ಹಿಮದ ಸುದ್ದಿ ನಮ್ಮ ಮನೆಬಾಗಿಲಿಗೆ ಬಂದದ್ದು ಹಾಗೆ.

ಇನ್ನು ಕಾಶ್ಮೀರ ಕಣಿವೆಯ ಸೇಬಿನ ಬೆಳೆಗಾರ. 2019ರ ನವೆಂಬರ್ ಮೊದಲ ವಾರದಲ್ಲೇ, ಎಲೆ ಉದುರುವ ಮೊದಲು, ತೋಟಗಳ ಮೇಲೆ ಒದ್ದೆ ಹಿಮ ಬಿತ್ತು. ಎಲೆಯಿದ್ದ ಕೊಂಬೆ ಹಿಮವನ್ನು ಹಿಡಿದುಕೊಂಡು, ಭಾರ ತಾಳದೆ ಬುಡಸಮೇತ ಸೀಳಿತು. ಅಂಥ ಹೊತ್ತಿಗೆ ಎರಡು ಮೂರು ದಿನ ಮುಂಚೆ ಗೊತ್ತಾದರೂ ಹಣ್ಣು ಇಳಿಸಬಹುದು, ಕೊಂಬೆಗೆ ಊರೆ ಕೊಡಬಹುದು, ಹಿಮ ಬೀಳುತ್ತಿರುವಾಗಲೇ ಗಳ ಹಿಡಿದು ಮರ ಅಲುಗಿಸಲು ಆಳು ಗೊತ್ತುಮಾಡಬಹುದು.